ಬೇಡ ಅಂತ ಸಹಿ ಹಾಕಿದ್ದು ಯಾಕೆ

ನಮಸ್ಕಾರ. ಚೀನಾದ ವಲಸೆ ಕಾರ್ಮಿಕರ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ಪತ್ರ ಬರ್ದಿದ್ದೀರ, ಥ್ಯಾಂಕ್ಸ್. ಕೆಲಸಗಾರರೇ "ನಂಗೆ ವಿಮೆ ಬೇಡ, ಆ ದುಡ್ಡನ್ನ ಸಂಬಳದ ಜೊತೆ ಕೈಗೇ ಕೊಡಿ" ಅಂತ ಬರ್ಕೊಟ್ರೆ ಮಾಲೀಕರ ತಪ್ಪೇನು, ಹಳ್ಳಿಯಿಂದ ಬಂದೋರಿಗೆ ನಾಳೆ ಚಿಂತೆನೇ ಇಲ್ಲ ಅಂದ್ರೆ ಯಾರೇನ್ ಮಾಡಕ್ಕಾಗುತ್ತೆ ಅಂತ ಕೇಳಿದ್ದೀರ. ನಾಳೆ ಚಿಂತೆ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಚಿಂತೆ ಇಲ್ದೋರು ಮಕ್ಕಳನ್ನ ಅಜ್ಜಿ ತಾತನ ಹತ್ರ ಬಿಟ್ಟು ಅಷ್ಟು ದೂರ ಬಂದು ದುಡೀತಾರಾ?

ಇಲ್ಲಿ ವಿಮೆ ಅಂದ್ರೆ ಪೆನ್ಷನ್, ಆರೋಗ್ಯ ಎಲ್ಲ ಸೇರಿದ ಸಾಮಾಜಿಕ ವಿಮೆ. ಕೆಲಸಗಾರರ ಲೆಕ್ಕ ಒಂದ್ಸಲ ಹಾಕಿ ನೋಡಿ. ಪೆನ್ಷನ್‌ಗೆ ಅಂತ ಸಂಬಳದಲ್ಲಿ 8% ಮುರ್ಕೋತಾರೆ, ಮಾಲೀಕರು ಈಗ 16% ಕಟ್ಬೇಕು. ಅಂದ್ರೆ 5000 ಯುವಾನ್ ಸಂಬಳ ಇದ್ರೆ ತಿಂಗಳಿಗೆ 400 ಯುವಾನ್ ಕೈ ಬಿಟ್ಟು ಹೋಯ್ತು, ಆರೋಗ್ಯ ವಿಮೆದು ಬೇರೆ. ಕೆಲಸಗಾರರ ಪಾಲು ಅವರ ಹೆಸರಿನ ಖಾತೆಗೆ ಹೋಗುತ್ತೆ, ಮಾಲೀಕರದ್ದು ಎಲ್ಲರಿಗೂ ಸೇರಿದ ನಿಧಿಗೆ, ಪೆನ್ಷನ್ ಸಿಗ್ಬೇಕಂದ್ರೆ 15 ವರ್ಷ ಕಟ್ಟಿರ್ಬೇಕು. ಒಂದೇ ಊರಲ್ಲಿ ಇರೋರಿಗೆ ಸರಿ, ಆದ್ರೆ ಎರಡು ವರ್ಷ ಶೆನ್‌ಜೆನ್, ಮೂರು ವರ್ಷ ಶಾಂಘೈ ಅಂತ ತಿರುಗೋರು ಏನ್ ಮಾಡ್ಬೇಕು? 2010ಕ್ಕೆ ಮುಂಚೆ ಬೇರೆ ಪ್ರಾಂತ್ಯಕ್ಕೆ ಹೋದ್ರೆ ಪೆನ್ಷನ್ ವರ್ಗ ಆಗೋದೇ ಅಪರೂಪ, ಅದಕ್ಕೇ ಚೀನೀ ಹೊಸ ವರ್ಷಕ್ಕೆ ಊರಿಗೆ ಹೊರಡೋ ಮುಂಚೆ, ಫ್ಯಾಕ್ಟರಿಗಳು ತುಂಬಿರೋ ಗ್ವಾಂಗ್‌ಡಾಂಗ್ ಪ್ರಾಂತ್ಯದ ವಿಮಾ ಕಚೇರಿಗಳ ಮುಂದೆ ಜನ ಸಾಲು ನಿಂತು ತಾವು ಕಟ್ಟಿದ್ದನ್ನ ವಾಪಸ್ ತಗೋತಿದ್ರು. ತಮ್ಮ ಪಾಲು ಮಾತ್ರ. ಮಾಲೀಕರು ಕಟ್ಟಿದ್ದು ಅಲ್ಲೇ ಉಳೀತು, ಶ್ರೀಮಂತ ನಗರದ ನಿಧಿಲಿ. ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. 2010ರ ಜನವರಿಯಿಂದ ನಿಯಮ ಬದ್ಲಾಯ್ತು, ಈಗ ಸ್ವಂತ ಖಾತೆ ಪೂರ್ತಿ, ಜೊತೆಗೆ ನಿಧಿಯಿಂದ ಸಂಬಳದ 12%ರಷ್ಟು ದುಡ್ಡು ಕೆಲಸಗಾರರ ಜೊತೆ ಹೋಗುತ್ತೆ. ಆದ್ರೆ ಒಂದ್ಸಲ ಕೈ ಸುಟ್ಕೊಂಡ ಜನ ಅಷ್ಟು ಬೇಗ ನಂಬ್ತಾರಾ.

ಕಟ್ಟಿಸ್ಕೊಂಡೋರ ಕಥೆನೂ ಹೇಳ್ತೀನಿ. 2014ರ ಏಪ್ರಿಲ್‌ನಲ್ಲಿ ಅದೇ ಗ್ವಾಂಗ್‌ಡಾಂಗ್‌ನ ದೊಂಗ್‌ಗ್ವಾನ್ ನಗರದ ಒಂದು ದೊಡ್ಡ ಶೂ ಫ್ಯಾಕ್ಟರಿಲಿ ಹತ್ತಾರು ಸಾವಿರ ಜನ ಕೆಲಸ ನಿಲ್ಸಿದ್ರು, ಯಾಕಂದ್ರೆ ಕಂಪನಿ ವರ್ಷಗಟ್ಲೆ ಅವರ ವಿಮೆನ ಪೂರ್ತಿ ಸಂಬಳದ ಮೇಲೆ ಕಟ್ಟಿರ್ಲಿಲ್ಲ, ಕಡಿಮೆ ಮೊತ್ತ ತೋರಿಸಿ ಕಟ್ಟಿತ್ತು. ಓವರ್‌ಟೈಮ್ ಮಾಡಿ ಮಾಡಿ ಸಂಬಳ ಜಾಸ್ತಿ ಮಾಡ್ಕೊಂಡೋರಿಗೆ ಇದರಿಂದ ಎಷ್ಟು ಏಟು ಅಂತ ಯೋಚ್ನೆ ಮಾಡಿ. ಮುಂದಾಲೋಚನೆ ಇಲ್ದೋರು ಪೆನ್ಷನ್‌ಗೋಸ್ಕರ ಬೀದಿಗೆ ಇಳೀತಿರ್ಲಿಲ್ಲ.

ಈಗ ನಿಮ್ಮ ಪ್ರಶ್ನೆಗೇ ಬರ್ತೀನಿ. ಚೀನಾದ ಸುಪ್ರೀಂ ಕೋರ್ಟ್ ನೇರವಾಗೇ ಉತ್ತರ ಕೊಟ್ಟಿದೆ. 2025ರ ಸೆಪ್ಟೆಂಬರ್ 1ರಿಂದ, ಇಬ್ರೂ ಒಪ್ಪಿ ಸಹಿ ಹಾಕಿದ್ರೂ ವಿಮೆ ಬೇಡ ಅನ್ನೋ ಒಪ್ಪಂದ ಅಸಿಂಧು. ನನ್ನ ಮಟ್ಟಿಗೆ ಇದೇ ಸರಿ. ಕೆಲಸ ಬೇಕು ಅಂತ ಬಂದು ನಿಂತೋರ ಮುಂದೆ ಕಾಗದ ಇಟ್ಟು "ಇಲ್ಲಿ ಸೈನ್ ಮಾಡಿ" ಅಂದ್ರೆ ಅದು ಒಪ್ಪಿಗೆ ಹೆಂಗಾಗುತ್ತೆ?

ಮಾಲೀಕರು ಯಾರು ಅಂತಾನೇ ಗೊತ್ತಿಲ್ದಿರೋ ಡೆಲಿವರಿ ಹುಡುಗ್ರದ್ದು ಇನ್ನೊಂದು ಕಥೆ. ಅವರಿಗೆ 2022ರ ಜುಲೈಯಿಂದ ಬೀಜಿಂಗ್, ಶಾಂಘೈ ಸೇರಿ ಏಳು ಪ್ರಾಂತ್ಯ-ನಗರಗಳಲ್ಲಿ ಅಪಘಾತದ ವಿಮೆ ಪ್ರಯೋಗ ಶುರುವಾಯ್ತು, ಒಂದೊಂದು ಆರ್ಡರ್‌ಗೂ ಇಷ್ಟು ಅಂತ ಆರ್ಡರ್ ಕೊಡೋ ಆ್ಯಪ್ ಕಂಪನಿನೇ ಕಟ್ಟುತ್ತೆ, ಹುಡುಗ್ರ ಜೇಬಿಂದ ಒಂದು ಪೈಸೆನೂ ಹೋಗಲ್ಲ. ಪೆನ್ಷನ್ ಅಲ್ಲ, ಅಪಘಾತಕ್ಕೆ ಮಾತ್ರ, ಆದ್ರೂ ನಂಗೆ ಇದು ತುಂಬಾ ಇಷ್ಟ ಆಯ್ತು.

ಇನ್ನೊಂದು ವಿಷ್ಯ ನಂಗೆ ನಿಜವಾಗ್ಲೂ ದಿಗಿಲು ಹುಟ್ಸುತ್ತೆ. ಆ 15 ವರ್ಷನ 2030ರಿಂದ ವರ್ಷಕ್ಕೆ ಆರಾರು ತಿಂಗಳು ಏರಿಸ್ತಾ 20ಕ್ಕೆ ತಗೊಂಡು ಹೋಗ್ತಾರೆ. ಆಫೀಸಲ್ಲಿ ಕೂತೋರಿಗೆ ಅದು ಲೆಕ್ಕಕ್ಕೇ ಇಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಹೋಗ್ತಾ, ನಡುನಡುವೆ ವಿಮೆನೇ ಇಲ್ದೆ ವರ್ಷಗಳು ಕಳ್ದಿರೋ 45ರ ಗಾರೆ ಕೆಲಸದೋರು ಆ ಇಪ್ಪತ್ತನ್ನ ಎಲ್ಲಿಂದ ತರ್ಬೇಕು ಹೇಳಿ. ಅವರು ಈಗ ಸಹಿ ಹಾಕಿ ದುಡ್ಡು ಕೈಗೆ ತಗೊಂಡ್ರೆ ನಾನಂತೂ ಅವರನ್ನ ಬೈಯಲ್ಲ.

— ಸಂಪಾದಕ