ಪ್ರತಿಕ್ರಿಯೆ: ಫಿಲಿಪ್ಪೀನ್ಸ್‌ನಿಂದ ಮಗು ದತ್ತು, ಟಿಕೆಟ್ ಬುಕ್ ಮಾಡಬಹುದಾ?

ಈಗಲೇ ಬೇಡ. ಮಗು ಮೊದಲು, ಕಾಗದ ಆಮೇಲೆ ಅಂತ ಹೊರಟಿದ್ದೀರಿ, ತೊಡಕು ಅಲ್ಲೇ ಇದೆ. ಅಲ್ಲಿನ ಪಾಸ್ಟರ್ ಫೋಟೋ ಕಳಿಸಿದರು, ಪ್ರಾರ್ಥಿಸಿದಾಗ ಅದೇ ನಮ್ಮ ಮಗು ಅನಿಸಿತು ಎಂದು ಬರೆದಿದ್ದೀರಿ. ಆ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಭಾರತ, ಫಿಲಿಪ್ಪೀನ್ಸ್ ಎರಡೂ ದೇಶಗಳು ದೇಶದಿಂದ ದೇಶಕ್ಕೆ ದತ್ತು ಕೊಡುವ ಬಗೆಗಿನ 1993ರ ಹೇಗ್ ಒಪ್ಪಂದದಲ್ಲಿವೆ, ಹಾಗಾಗಿ ಚರ್ಚ್‌ನಿಂದ ಚರ್ಚ್‌ಗೆ ಮಗು ಕೊಡುವ ದಾರಿಯೇ ಇಲ್ಲ.

ಮೊದಲು ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಶಿರಸಿಯಿಂದ ಘಟ್ಟ ಇಳಿದು ಹತ್ತಿ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ, ಮದುವೆ ಸರ್ಟಿಫಿಕೇಟ್, ಆದಾಯ, ಆರೋಗ್ಯದ ಕಾಗದ ಎಲ್ಲಾ ಒಟ್ಟಿಗೇ ಒಯ್ಯಿರಿ. ಹೋಮ್ ಸ್ಟಡಿ, ಅಂದರೆ ನಿಮ್ಮ ಮನೆ, ಕುಟುಂಬದ ಪರಿಶೀಲನೆ, ಮಾಡಿಸುವುದು ಹೇಗೆ ಎಂದು ಅಲ್ಲೇ ಕೇಳಿ. ಪಾಸ್ಟರ್ ಪತ್ರ ಪರಿಚಯಕ್ಕೆ ನಡೆದೀತು, ಅಪ್ಪಣೆಯಾಗಿ ಅಲ್ಲ. ಆಮೇಲೆ ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ, ದೆಹಲಿಯ ‘ಕಾರಾ’ಗೆ (CARA) ಬರೆಯಿರಿ. ಹೋಮ್ ಸ್ಟಡಿ, ಮಗುವಿನ ವರದಿ, ವೈದ್ಯಕೀಯ ವರದಿ ನೋಡಿ ಅವರು ಒಪ್ಪಿಗೆ ಕೊಡಬೇಕು. ದತ್ತಿನ ಕೆಲಸ ಮಾತ್ರ ಮೊದಲು ಆ ದೇಶದ ಕಾನೂನಿನಂತೆ ಅಲ್ಲೇ ಆಗಬೇಕು. ಮಗುವಿನ ಪಾಸ್‌ಪೋರ್ಟ್ ಅಲ್ಲಿಯದಾದರೆ ಭಾರತದ ವೀಸಾ ಬೇಕು, ಅದನ್ನು ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಕೇಳಬೇಕು.

ಕ್ರೈಸ್ತರಿಗೆ ದತ್ತು ಇಲ್ಲ, ಗಾರ್ಡಿಯನ್‌ಶಿಪ್ ಮಾತ್ರ ಅಂತ ಯಾರೋ ಹೆದರಿಸಿದ್ದಾರಲ್ವಾ, ಅದು ಹಳೇ ಮಾತು. 2015ರ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಲು ಧರ್ಮ ಅಡ್ಡಿಯಲ್ಲ.

ಫೋಟೋದಲ್ಲಿರುವ ಮಗುವೇ ಸಿಗುತ್ತದೆ ಅಂತ ಯಾರೂ ಮಾತು ಕೊಡಲಾರರು. ನನ್ನ ಭಾವನ ದತ್ತು ಅರ್ಜಿಗೆ ನಾನೇ ಓಡಾಡಿದವನು, ಎಷ್ಟು ತಿಂಗಳು ಅಂತ ಕೊನೆವರೆಗೂ ಯಾರೂ ಹೇಳಲಿಲ್ಲ. ಇದೆಲ್ಲ ಮುಗಿಯುವವರೆಗೆ ಮಗು ಇರುವ ಅನಾಥಾಲಯಕ್ಕೆ ‘ಕಾಣಿಕೆ’ ಅಂತ ದುಡ್ಡು ಕಳಿಸಬೇಡಿ, ಮಗುವಿನ ಮನೆಯವರ ಜೊತೆ ಫೋನಲ್ಲೂ ಮಾತಾಡಬೇಡಿ.