ಆಪ್ತಸಲಹೆ ಪ್ರಕರಣ: ಮಗ ಕರೀತಿದ್ದಾನೆ, ಮನೆ ಮಾರೋದಾ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ರಾಯರಿಗೆ 68, ಸುಮಿತ್ರಮ್ಮನಿಗೆ 64. ಮೈಸೂರಿನವರು. ರಾಯರು ಬ್ಯಾಂಕಿನಿಂದ ನಿವೃತ್ತರಾದವರು, ಸುಮಿತ್ರಮ್ಮ ಹೈಸ್ಕೂಲ್ ಟೀಚರ್ ಆಗಿದ್ದವರು. ಒಬ್ಬನೇ ಮಗ. ಡಲ್ಲಾಸ್ ಹತ್ತಿರ ಇದ್ದಾನೆ, ಅಮೆರಿಕದ ಪೌರತ್ವ ಸಿಕ್ಕಿದೆ. "ಇಬ್ಬರಿಗೂ ಗ್ರೀನ್ ಕಾರ್ಡ್ ಮಾಡಿಸ್ತೀನಿ, ಮನೆ ಮಾರಿ ಬಂದ್ಬಿಡಿ" ಅಂತ ಬಹಳ ದಿನದಿಂದ ಹೇಳುತ್ತಿದ್ದ. ಈ ಸಲ ಬ್ರೋಕರ್ ಬಂದು ಮನೆ ನೋಡಿಕೊಂಡೂ ಹೋದ. ಆಮೇಲೆ ರಾಯರಿಗೆ ನಿದ್ದೆ ಹೋಯಿತು, ಬಿಪಿ ಏರಿತು. ಡಾಕ್ಟರೇ ನನ್ನ ಹತ್ತಿರ ಕಳಿಸಿದರು.

ಇಬ್ಬರೂ ಒಟ್ಟಿಗೆ ಕೂತಾಗ ಮಾತೆಲ್ಲ ಮಗನದೇ. ಅವನಿಗೆ ಬೇಜಾರಾಗುತ್ತೆ, ಅವನು ಒಪ್ಪಲ್ಲ. "ನಿಮಗೇನು ಬೇಕು?" ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೇರೆ ಬೇರೆ ಕೂರಿಸಿದೆ.

ರಾಯರು ಹೋದ ಸಲ ಮಗನ ಮನೆಗೆ ಹೋಗಿದ್ದಾಗಿನ ಒಂದು ಮಧ್ಯಾಹ್ನದ ವಿಷಯ ಹೇಳಿದರು. ಮಗ, ಸೊಸೆ ಆಫೀಸಿಗೆ, ಮೊಮ್ಮಗಳು ಸ್ಕೂಲಿಗೆ. ಹಾಲು ಮುಗಿದಿತ್ತು. ಅಂಗಡಿಗೆ ನಡೆದೇ ಹೊರಟರು. ಸ್ವಲ್ಪ ದೂರ ಹೋದಮೇಲೆ ಫುಟ್‌ಪಾತೇ ಇಲ್ಲ, ಮೇಲೆ ಟೆಕ್ಸಾಸಿನ ಬಿಸಿಲು. ಯಾರೋ ಹೆಂಗಸು ಕಾರು ನಿಲ್ಲಿಸಿ, ದಾರಿ ತಪ್ಪಿತಾ ಅಂತ ಕೇಳಿದಳಂತೆ. "ಪಾಪ, ಒಳ್ಳೇ ಮನಸ್ಸಿಂದಲೇ ಕೇಳಿದಳು ಮೇಡಂ. ಆದರೆ ಇಲ್ಲಿ ನಮ್ಮ ಬೀದಿಯವರ ಎಫ್‌ಡಿ ಫಾರಂ ನಾನು ತುಂಬಿಕೊಡೋನು. ಅಲ್ಲಿ ಹಾಲು ತರೋಕೂ ಮಗ ಕಾರು ತೆಗೀಬೇಕು."

ಸುಮಿತ್ರಮ್ಮನಿಗೆ ಮೊಮ್ಮಗಳ ಆಸೆ ಎಂದು ಎಲ್ಲರೂ ತಿಳಿದಿದ್ದರು. ಅವರು ಹೇಳಿದ್ದೇ ಬೇರೆ. "ಇವರು ಮೊದಲು ಹೋದರೆ ನಾನೆಲ್ಲಿರಲಿ? ಎಪ್ಪತ್ತೈದಕ್ಕೆ ಒಬ್ಬಳೇ ಹೊಸ ದೇಶಕ್ಕೆ ಹೋಗೋಕಾಗುತ್ತಾ? ಇಬ್ಬರೂ ಇರುವಾಗಲೇ ಹೋಗಿ ಅಭ್ಯಾಸ ಮಾಡಿಕೊಳ್ಳೋಣ ಅಂತ. ಈ ಮಾತು ಎತ್ತಿದರೆ ಸಾಕು, 'ಬಿಡ್ತು ಅನ್ನು' ಅಂತಾರೆ."

ಮಗನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿದೆ. 2021ರಲ್ಲಿ ಕೋವಿಡ್ ಬಂದು ಅಪ್ಪ ಆಸ್ಪತ್ರೆ ಸೇರಿದಾಗ ಬರಲಾಗಲಿಲ್ಲ ಎಂಬುದು ಅವನ ಎದೆಯಲ್ಲಿ ಇನ್ನೂ ಕೂತಿದೆ. ಹೊತ್ತಲ್ಲದ ಹೊತ್ತಲ್ಲಿ ಫೋನ್ ಬಂದರೆ ಇವತ್ತಿಗೂ ಕೈ ನಡುಗುತ್ತದಂತೆ. ಅವಸರ ಅವನ ಹೆದರಿಕೆಯದು. ಅದನ್ನು ಅವನಿಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಅದೇ ಇರಬೇಕು" ಎಂದ.

ಮೊದಲ ಸಲಹೆ: ಮನೆಯ ಮಾತು ಕೊನೆಗೆ. ಬ್ರೋಕರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅನ್ನಿ ಎಂದೆ. ರಾಯರು ನನ್ನೆದುರೇ ಮಾಡಿದರು!

ಎರಡನೆಯದು ಕಾಗದಪತ್ರದ ವಿಷಯ. ಅದು ನನ್ನ ಕ್ಷೇತ್ರವಲ್ಲ, ಆದರೆ ಇವರ ಜಗಳಗಳ ಬುಡ ಅಲ್ಲೇ ಇತ್ತು. ಗ್ರೀನ್ ಕಾರ್ಡ್ ಬಂದಮೇಲೂ ವರ್ಷದ ಹೆಚ್ಚು ಭಾಗ ಮೈಸೂರಿನಲ್ಲೇ ಇರಬಹುದು ಅಂತ ರಾಯರು ನಂಬಿದ್ದರು. ಅದು ಬಂದು ಹೋಗುವವರ ಪಾಸಲ್ಲ, ಅಲ್ಲೇ ನೆಲೆಸುವವರದು. ರೀ-ಎಂಟ್ರಿ ಪರ್ಮಿಟ್ (ಮರಳಿ ಬರಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ವರ್ಷಕ್ಕಿಂತ ಜಾಸ್ತಿ ಹೊರಗಿದ್ದರೆ ಕೈತಪ್ಪಬಹುದು. ಆರು ತಿಂಗಳು ದಾಟಿದರೂ ಪ್ರಶ್ನೆ ಬರಬಹುದು. ಆಸ್ಪತ್ರೆ ಖರ್ಚಿನ ಲೆಕ್ಕವೂ ಹಾಗೇ. ಅಲ್ಲಿ ದುಡಿಯದವರಿಗೆ ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರದ ಆರೋಗ್ಯ ವಿಮೆ, ಸಿಗಬೇಕಾದರೆ 65 ತುಂಬಿರಬೇಕು, ಜೊತೆಗೆ ಬಿಡದೆ 5 ವರ್ಷ ನೆಲೆಸಿರಬೇಕು. ಈಗಲೇ ಹೋದರೂ ರಾಯರಿಗೆ ಆಗ 73. ಅದೂ ಪುಕ್ಕಟೆಯಲ್ಲ, ಅದರ ಆಸ್ಪತ್ರೆ ಭಾಗದ ಕಂತೇ ತಲೆಗೆ ತಿಂಗಳಿಗೆ 500 ಡಾಲರ್ ಮೀರುತ್ತದೆ. ಅಲ್ಲಿಯವರೆಗೆ ಖಾಸಗಿ ವಿಮೆ. ಇಲ್ಲಿನ ಪಿಂಚಣಿ, ಎಫ್‌ಡಿ ಬಡ್ಡಿಯನ್ನು ಅಲ್ಲಿನ ತೆರಿಗೆಯವರಿಗೂ ತೋರಿಸಬೇಕು. ಇದನ್ನೆಲ್ಲ ಇಮಿಗ್ರೇಷನ್ ವಕೀಲರು ಮತ್ತು ಎರಡೂ ದೇಶದ ಕಾನೂನು ಗೊತ್ತಿರುವ ಸಿಎ ಹತ್ತಿರ ಬರೆಸಿಕೊಂಡು ಬನ್ನಿ, ನೆಂಟರ ವಾಟ್ಸಾಪ್ ನಂಬಬೇಡಿ ಎಂದೆ. ಬ್ಯಾಂಕಿನವರಾದ್ದರಿಂದ ಆ ಹಾಳೆ ಕೈಗೆ ಬಂದಮೇಲೆ ರಾಯರ ಧ್ವನಿಯೇ ಬದಲಾಯಿತು. ಅದುವರೆಗೆ ಮಗ ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದವರು ಪ್ರಶ್ನೆ ಕೇಳತೊಡಗಿದರು.

ಮೂರನೆಯದು: ವಿಸಿಟರ್ ವೀಸಾ ಹೇಗೂ ಇದೆ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಮೇಲೆ ಆ ವೀಸಾದಲ್ಲಿ ಹೋದರೆ ಅಧಿಕಾರಿಗಳು ಅನುಮಾನಿಸಬಹುದು. ಹಾಗಾಗಿ ಅರ್ಜಿಗೆ ಮೊದಲೇ ಒಮ್ಮೆ ಹೋಗಿ, ಆದರೆ ನೆಂಟರಂತಲ್ಲ. ವಾರದ ದಿನ ಹೇಗೆ ಕಳೆಯುತ್ತೆ ನೋಡಿ. ಗುಡಿ, ಮಾಲ್ ತಿರುಗಿಸೋದು ಬೇಡ ಎಂದು ಮಗನಿಗೂ ಹೇಳಿದೆ.

ಇನ್ನೊಂದು ಕೆಲಸ ಕಷ್ಟದ್ದು. ಸುಮಿತ್ರಮ್ಮ ತಮ್ಮ ಪ್ರಶ್ನೆಯನ್ನು ಗಂಡನ ಮುಂದೆ ಕೇಳಬೇಕಿತ್ತು. ನನ್ನ ಕೋಣೆಯಲ್ಲೇ ಕೇಳಿದರು. ರಾಯರು "ಬಿಡ್ತು" ಎನ್ನಲು ಬಾಯಿ ತೆರೆದರು, ಅಷ್ಟರಲ್ಲಿ ನಾನು ಕೈ ಎತ್ತಿ ತಡೆದೆ. ಆಮೇಲೆ ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ನಾನು ಸುಮ್ನೆ ಕೂತಿದ್ದೆ.

ಮುಂದಿನ ತಿಂಗಳು ರಾಯರು ವಿಲ್ ಬರೆಸಿ ರಿಜಿಸ್ಟರ್ ಮಾಡಿಸಿದರು, ತಮ್ಮ ನಂತರ ಮನೆ ಹೆಂಡತಿಗೆ ಅಂತ. ನಿದ್ದೆ ಮೊದಲಿಗಿಂತ ವಾಸಿ, ಬಿಪಿ ಮಾತ್ರೆ ನಡೆದಿದೆ. ಅಕ್ಟೋಬರಿನಲ್ಲಿ ಡಲ್ಲಾಸಿಗೆ ಹೊರಡುತ್ತಾರೆ. ಹೋಗೋದಾದರೆ ಬೇಗ ಹೋಗೋಣ ಎಂದು ಸುಮಿತ್ರಮ್ಮ ಈಗಲೂ ಅನ್ನುತ್ತಾರೆ, ರಾಯರು ಈಗಲೂ ಒಪ್ಪಿಲ್ಲ. ಬಂದಮೇಲೆ ಮತ್ತೆ ಕೂರೋಣ ಎಂದಿದ್ದೇವೆ.