ಪಿಎಚ್ ಏರಿಸಿದ ರಾತ್ರಿಯೇ ಮೀನು ಸತ್ತವು

ಪ್ರಶ್ನೆ: ನಮ್ಮದು 60 ಲೀಟರಿನ ಫಿಶ್ ಟ್ಯಾಂಕ್. ಗಪ್ಪಿ, ಮೊಲ್ಲಿ ಸೇರಿ ಹನ್ನೆರಡು ಮೀನುಗಳಿದ್ದವು. ಬೋರ್‌ವೆಲ್ ನೀರು ತುಂಬಾ ಗಡಸು ಎಂದು ಆರು ತಿಂಗಳಿಂದ ಬರೀ ಆರ್‌ಒ ನೀರು ಹಾಕುತ್ತಿದ್ದೇನೆ. ಕಳೆದ ವಾರ ನೋಡಿದರೆ ಪಿಎಚ್ (ಇದು ಇಳಿದಷ್ಟೂ ನೀರು ಹುಳಿ) 6ಕ್ಕೆ ಇಳಿದಿತ್ತು. ಅಂಗಡಿಯವರು ಕೊಟ್ಟ ಹನಿ ಹಾಕಿದೆ, ಸಂಜೆಗೆ 7.5 ಆಯಿತು. ಬೆಳಿಗ್ಗೆ ನಾಲ್ಕು ಮೀನು ಸತ್ತಿದ್ದವು. ಈಗ ಪಿಎಚ್ ಮತ್ತೆ ಇಳಿದಿದೆ. ಇನ್ನೆಷ್ಟು ಹನಿ ಹಾಕಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಇನ್ನು ಒಂದು ಹನಿಯೂ ಹಾಕಬೇಡಿ. ಆ ಬಾಟಲಿ ಎತ್ತಿಟ್ಟುಬಿಡಿ.

ದೋಸೆ ಹಿಟ್ಟು ಜಾಸ್ತಿ ಹುಳಿ ಬಂದರೆ ಚಿಟಿಕೆ ಸೋಡಾ ಹಾಕುತ್ತೇವೆ, ಹುಳಿ ತಗ್ಗುತ್ತದೆ ಅಲ್ವಾ? ನಮ್ಮ ಕಡೆಯ ಬೋರ್ ನೀರಿನಲ್ಲಿ ಅಂಥದ್ದೇ ಬೈಕಾರ್ಬೊನೇಟ್ ಮೊದಲೇ ಕರಗಿರುತ್ತದೆ. ಅದರ ಅಳತೆಯೇ ಕೆಎಚ್. ಮೀನು ಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಕೆಲಸದಲ್ಲಿ ದಿನಾ ಸ್ವಲ್ಪ ಆಮ್ಲ ಹುಟ್ಟುತ್ತದೆ. ಕೆಎಚ್ ಇದ್ದರೆ ಅದು ಅಲ್ಲೇ ಅಡಗುತ್ತದೆ. ಆರ್‌ಒ ಯಂತ್ರ ಕೆಎಚ್ಚನ್ನೂ ಸೋಸಿ ಹೊರಗೆ ಹಾಕುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಆಮ್ಲಕ್ಕೆ ತಡೆಯೇ ಇರಲಿಲ್ಲ.

ಪಿಎಚ್ 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾಗಳ ಕೆಲಸ ಬಹಳ ನಿಧಾನವಾಗುತ್ತದೆ, ಅಮೋನಿಯಾ ಕೂಡಿಕೊಳ್ಳುತ್ತಾ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ, ಮೀನಿಗೆ ಅಷ್ಟು ವಿಷವಲ್ಲ. ಪಿಎಚ್ ಒಂದು ಅಂಕಿ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನೀವು 6ರಿಂದ 7.5ಕ್ಕೆ ಏರಿಸಿದಾಗ ಹೆಚ್ಚುಕಡಿಮೆ ಮೂವತ್ತು ಪಟ್ಟು! ಆ ರಾತ್ರಿ ಮೀನು ಸತ್ತದ್ದು ಬಹುಶಃ ಇದರಿಂದಲೇ.

ಈ ಸಂಕಟ ನನಗೂ ಗೊತ್ತು. ಒಂದು ಬೇಸಿಗೆ ಬೆಂಗಳೂರಿನ ನಮ್ಮ ಮನೆಯ ಸಂಪ್‌ಗೆ ಕಾವೇರಿ ನೀರಿನ ಬದಲು ಟ್ಯಾಂಕರ್ ನೀರು ಬಂದಿತ್ತು. ನೋಡದೆ ಅರ್ಧ ಟ್ಯಾಂಕ್ ನೀರು ಬದಲಿಸಿದೆ. ಸಂಜೆಗೆ ನಿಯಾನ್ ಟೆಟ್ರಾಗಳ ಕೆಂಪು ಗೆರೆ ಮಾಸಿ, ಹೀಟರಿನ ಹಿಂದೆ ಒತ್ತೊತ್ತಾಗಿ ನಿಂತಿದ್ದವು. ಒಂಬತ್ತರಲ್ಲಿ ಎರಡು ಉಳಿದವು. ಅಲ್ಲಿಂದೀಚೆಗೆ ಬಕೆಟ್ ನೀರಿನ ಕೆಎಚ್ ನೋಡದೆ ಟ್ಯಾಂಕಿಗೆ ಸುರಿದಿಲ್ಲ. ಕೆಎಚ್ ಕಿಟ್ ತನ್ನಿ. ಟ್ಯಾಂಕಿನಿಂದ ತೆಗೆದ 5 ಮಿಲಿ ನೀರಿಗೆ ಕಿಟ್‌ನ ದ್ರಾವಣ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸುತ್ತಾ ಹೋಗಿ, ನೀಲಿ ಬಣ್ಣ ತಟ್ಟನೆ ಹಳದಿಯಾಗುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಎಷ್ಟು ಹನಿಯೋ ಅಷ್ಟು ಡಿಗ್ರಿ ಕೆಎಚ್. ನಿಮ್ಮ ನೀರು ಮೊದಲ ಹನಿಗೇ ಹಳದಿಯಾದರೆ ಆಶ್ಚರ್ಯವಿಲ್ಲ.

ಎರಡು ದಿನ ಮೀನಿಗೆ ಆಹಾರ ಬೇಡ, ಏನೂ ಆಗುವುದಿಲ್ಲ. ದಿನಕ್ಕೆ 6 ಲೀಟರ್ ಮಾತ್ರ ತೆಗೆದು, ನಾಲ್ಕೂವರೆ ಲೀಟರ್ ಆರ್‌ಒ ನೀರಿಗೆ ಒಂದೂವರೆ ಲೀಟರ್ ಬೋರ್ ನೀರು ಬೆರೆಸಿ ನಿಧಾನವಾಗಿ ಸುರಿಯಿರಿ. ಅಮೋನಿಯಾವನ್ನೂ ದಿನಾ ಅಳೆಯಿರಿ. ಅದು ಸೊನ್ನೆಯ ಹತ್ತಿರ ಬರುವ ತನಕ ಬೋರ್ ನೀರಿನ ಪಾಲು ಹೆಚ್ಚಿಸಬೇಡಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಒಮ್ಮೆ ಹಿಂಡಿದರೆ ಸಾಕು.

ಇನ್ನೊಂದು ಮಾತು. ಗಪ್ಪಿ, ಮೊಲ್ಲಿಗಳಿಗೆ ಗಡಸು ನೀರೇ ಇಷ್ಟ. ನೀವು ಬೇಡವೆಂದ ಬೋರ್ ನೀರೇ ಅವಕ್ಕೆ ಹೊಂದುತ್ತಿತ್ತು. ಕೆಎಚ್ 5 ದಾಟಿದ ಮೇಲೆ ವಾರಕ್ಕೊಮ್ಮೆ 12 ಲೀಟರ್ ಬದಲಿಸಿ, ಪ್ರತಿಸಲ ಆ ಹೊತ್ತಿಗೆ ತಲುಪಿದ ಬೆರಕೆಯಲ್ಲೇ. ಉಳಿದ ಎಂಟು ಮೀನು ಹೇಗಿವೆ, ಬರೆಯಿರಿ.